ತಾತನ ನಡುಕ, ಫ್ಯಾರಡೆಯ ಸುರುಳಿ

ನಮ್ಮ ಯಜಮಾನರಿಗೆ ಇರುವ ಕಾಯಿಲೆಯ ಹೆಸರು ಪಾರ್ಕಿನ್ಸನ್. ಮನೆಗೆ ಹಾಲು ತಂದುಕೊಡುವಾಕೆ ಅದನ್ನು ‘ಪಾರ್ಕಿಂಗ್ ಕಾಯಿಲೆ’ ಅನ್ನುತ್ತಾಳೆ. ತಿದ್ದಲು ಹೋದರೆ ಯಜಮಾನರೇ ನನ್ನನ್ನು ತಡೆಯುತ್ತಾರೆ. “ಅವಳು ಹೇಳೋದೇ ಸರಿ ಕಣೇ. ಬಾಗಿಲ ಹತ್ತಿರ ಬಂದ ಕೂಡಲೇ ನನ್ನ ಕಾಲು ಪಾರ್ಕ್ ಆಗಿಬಿಡುತ್ತಲ್ಲ!” ಅನ್ನುತ್ತಾರೆ. ತಮಾಷೆಯ ಮಾತಾದರೂ ನಿಜ. ನಡುಮನೆಯಲ್ಲಿ ಸಲೀಸಾಗಿ ನಡೆದು ಬರುವ ಮನುಷ್ಯ, ಹೊಸ್ತಿಲ ಹತ್ತಿರ ಬಂದಾಗ ಪಾದಕ್ಕೆ ಯಾರೋ ಅಂಟು ಹಚ್ಚಿದ ಹಾಗೆ ನಿಂತುಬಿಡುತ್ತಾರೆ. ದಾಟಬೇಕೆಂಬ ಮನಸ್ಸಿದೆ. ಕಾಲಿನಲ್ಲಿ ಶಕ್ತಿಯೂ ಇದೆ. ಇವೆರಡರ ನಡುವೆ ಎಲ್ಲೋ ಸುದ್ದಿ ಮುಟ್ಟುವುದಿಲ್ಲ.

ಸುದ್ದಿ ಮುಟ್ಟಿಸುವುದೇ ಅವರ ಉದ್ಯೋಗವಾಗಿತ್ತು ಎನ್ನುವುದನ್ನು ನೆನೆದರೆ ಒಮ್ಮೊಮ್ಮೆ ಬೇಸರವಾಗುತ್ತದೆ. ಅವರು ಪೋಸ್ಟ್ ಮಾಸ್ಟರ್ ಆಗಿದ್ದವರು. ಓದುಬರಹ ಬಾರದವರ ಮನಿಯಾರ್ಡರ್ ಫಾರಂಗಳನ್ನು ತಾವೇ ತುಂಬಿಕೊಡುತ್ತಿದ್ದರು. ದುಂಡುಮಲ್ಲಿಗೆ ಪೋಣಿಸಿದಂಥ ಅಕ್ಷರ. ಹನ್ನೊಂದು ವರ್ಷದ ಹಿಂದೆ ನನಗೆ ಮೊದಲು ಅನುಮಾನ ಬಂದದ್ದು ಆ ಅಕ್ಷರ ನೋಡಿಯೇ. ಮನೆ ಲೆಕ್ಕದ ಪುಸ್ತಕದಲ್ಲಿ ಸಾಲಿನ ಆರಂಭದಲ್ಲಿ ದುಂಡಗಿದ್ದ ಅಕ್ಷರ ಕೊನೆಗೆ ಬರುವಷ್ಟರಲ್ಲಿ ಸಾಸಿವೆ ಕಾಳಿನಷ್ಟಾಗುತ್ತಿತ್ತು. ಆಮೇಲೆ ಬಲಗೈಯ ನಡುಕ ಶುರುವಾಯಿತು. ಸುಮ್ಮನೆ ಕೂತಾಗ ಹೆಬ್ಬೆರಳೂ ತೋರುಬೆರಳೂ ಸೇರಿ ದೀಪಕ್ಕೆ ಬತ್ತಿ ಹೊಸೆಯುತ್ತಿರುವ ಹಾಗೆ ಕಾಣುತ್ತಿತ್ತು. ಕೆಲಸಕ್ಕೆಂದು ಕೈ ಎತ್ತಿದರೆ ನಡುಕ ಕಡಿಮೆಯಾಗುತ್ತಿತ್ತು.

ಮಕ್ಕಳೇ, ಇಲ್ಲಿ ನಿಮಗೊಂದು ಮಾತು. ಈ ಕಾಯಿಲೆ ಬಂದವರ ಮುಖದ ಸ್ನಾಯುಗಳೂ ನಿಧಾನವಾಗುತ್ತವೆ. ನಗು ಒಳಗೇ ಹುಟ್ಟಿ ಒಳಗೇ ಉಳಿಯುತ್ತದೆ. ದನಿಯೂ ಸಣ್ಣದಾಗುತ್ತದೆ. ನಮ್ಮ ಮೊಮ್ಮಗ ಚಿಕ್ಕವನಿದ್ದಾಗ “ತಾತನಿಗೆ ನನ್ನ ಮೇಲೆ ಕೋಪ” ಎಂದು ಅಳುತ್ತಿದ್ದ. ತಾತನಿಗೆ ಕೋಪ ಇರಲಿಲ್ಲ. ನಿಮ್ಮ ಮನೆಯಲ್ಲೂ ಇಂಥ ತಾತ ಅಜ್ಜಿ ಇದ್ದರೆ, ಮುಖ ನೋಡಿ ತೀರ್ಮಾನ ಮಾಡಬೇಡಿ. ಹತ್ತಿರ ಕೂತು ಕೇಳಿ. ಉತ್ತರ ಬರುವುದು ತಡವಾಗಬಹುದು, ಬಂದೇ ಬರುತ್ತದೆ.

ಈ ಕಾಯಿಲೆಯನ್ನು ಮೊದಲು ವಿವರವಾಗಿ ಬರೆದವರು ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್. 1817ರಲ್ಲಿ ಅವರು ಆರು ಜನ ರೋಗಿಗಳ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದರು. ಆ ಆರರಲ್ಲಿ ಕೆಲವರನ್ನು ಅವರು ಕಂಡದ್ದು ಬೀದಿಯಲ್ಲಿ, ನಡೆದು ಹೋಗುತ್ತಿದ್ದಾಗ. ಬರೀ ಕಣ್ಣಿನಿಂದ ನೋಡಿ ಇಷ್ಟನ್ನು ಹಿಡಿದರಲ್ಲ ಎಂದು ನನಗೆ ಈಗಲೂ ಆಶ್ಚರ್ಯ. ಅವರು ಹುಟ್ಟಿದ ಏಪ್ರಿಲ್ 11ನ್ನು ಈಗ ವಿಶ್ವ ಪಾರ್ಕಿನ್ಸನ್ ದಿನವೆಂದು ಆಚರಿಸುತ್ತಾರೆ.

ಆದರೆ ಒಳಗೆ ಏನು ಕೆಟ್ಟಿದೆ ಎಂದು ತಿಳಿಯಲು ಇನ್ನೂ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಅದರಲ್ಲಿ ನಮ್ಮ ದೇಶದ ಒಂದು ಗಿಡಕ್ಕೂ ಪಾಲಿದೆ. ಸರ್ಪಗಂಧದ ಬೇರಿನಿಂದ ತೆಗೆದ ರೆಸರ್ಪಿನ್ ಎಂಬ ಔಷಧ ರಕ್ತದೊತ್ತಡಕ್ಕೆ ಬಳಕೆಯಲ್ಲಿತ್ತು. ಸ್ವೀಡನ್ನಿನ ವಿಜ್ಞಾನಿ ಆರ್ವಿಡ್ ಕಾರ್ಲ್‌ಸನ್ ಅದನ್ನು ಮೊಲಗಳಿಗೆ ಕೊಟ್ಟಾಗ ಅವು ಕೂತಲ್ಲೇ ಮರಗಟ್ಟಿ ಹೋದವು. ಆಮೇಲೆ ಲೆವೊಡೋಪಾ ಎಂಬ ವಸ್ತುವನ್ನು ಕೊಟ್ಟರು. ಸ್ವಲ್ಪ ಹೊತ್ತಿಗೆಲ್ಲ ಮೊಲಗಳು ಮತ್ತೆ ಓಡಾಡತೊಡಗಿದವು. ಇದು 1957ರ ಸುಮಾರಿನ ಮಾತು. ಮಿದುಳಿನಲ್ಲಿರುವ ಡೋಪಮೈನ್ ಎಂಬ ರಾಸಾಯನಿಕ ಕಡಿಮೆಯಾದರೆ ಚಲನೆ ನಿಲ್ಲುತ್ತದೆ, ಅದನ್ನು ತುಂಬಿಕೊಟ್ಟರೆ ಮರಳುತ್ತದೆ ಎಂಬುದು ಹೀಗೆ ತಿಳಿಯಿತು. ಕಾರ್ಲ್‌ಸನ್‌ರಿಗೆ 2000ದಲ್ಲಿ ನೊಬೆಲ್ ಪ್ರಶಸ್ತಿ ಬಂತು.

ನಮ್ಮ ಮಿದುಳಿನ ಆಳದಲ್ಲಿ, ಬುಡದ ಹತ್ತಿರ, ಕಪ್ಪಗಿರುವ ಒಂದು ಸಣ್ಣ ಜಾಗವಿದೆ. ಅಲ್ಲಿನ ನರಕೋಶಗಳೇ ಈ ಡೋಪಮೈನ್ ತಯಾರಿಸುವುದು. ಪಾರ್ಕಿನ್ಸನ್ ಬಂದವರಲ್ಲಿ ಆ ಕೋಶಗಳು ಒಂದೊಂದಾಗಿ ಸಾಯುತ್ತವೆ. ಕೈ ನಡುಗುವ ಹೊತ್ತಿಗೆ ಅವುಗಳಲ್ಲಿ ಬಹಳಷ್ಟು ಆಗಲೇ ಹೋಗಿರುತ್ತವೆ. ಲೆವೊಡೋಪಾ ಮಾತ್ರೆ ಮಿದುಳಿಗೆ ಹೋಗಿ ಡೋಪಮೈನ್ ಆಗುತ್ತದೆ. ಹೋದ ಕೋಶಗಳನ್ನು ಅದು ಮರಳಿ ತರುವುದಿಲ್ಲ. ನಮ್ಮ ಮನೆಯ ಗಡಿಯಾರ ಈಗ ಆ ಮಾತ್ರೆಯದೇ. ಮಾತ್ರೆ ನುಂಗಿ ಅರ್ಧ ಗಂಟೆ ಆದಮೇಲೆ ತಿಂಡಿ. ಬೇಳೆ, ಹಾಲಿನಲ್ಲಿರುವ ಪ್ರೋಟೀನು ಮಾತ್ರೆಯ ದಾರಿಗೆ ಅಡ್ಡ ಬರುತ್ತದೆ.

ಮೊದಲ ಎಂಟು ವರ್ಷ ಮಾತ್ರೆ ಚೆನ್ನಾಗಿಯೇ ಕೆಲಸ ಮಾಡಿತು. ಆಮೇಲೆ ಅದರ ಬಲ ಮೂರು ಗಂಟೆಗೇ ಇಳಿಯತೊಡಗಿತು. ಜಾಸ್ತಿ ಕೊಟ್ಟರೆ ಕೈಕಾಲು ತಾವಾಗಿಯೇ ತೂಗಾಡುತ್ತವೆ, ಕಡಿಮೆ ಕೊಟ್ಟರೆ ಮೈ ಬಿಗಿಯುತ್ತದೆ. ಆಗ ನಮ್ಮ ನರರೋಗ ತಜ್ಞರು ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಕಾಗದ ಕೊಟ್ಟು, “ವಿದ್ಯುತ್ತಿನಿಂದ, ಅಯಸ್ಕಾಂತದಿಂದ ಮಿದುಳಿಗೆ ಪ್ರೇರಣೆ ಕೊಡೋ ಚಿಕಿತ್ಸೆಗಳಿವೆ ಅಮ್ಮ. ಒಮ್ಮೆ ತೋರಿಸಿಕೊಂಡು ಬನ್ನಿ” ಎಂದರು.

ಅದೇ ವಾರ ನನ್ನ ಮೈದುನ ಬಂದ. ಅಣ್ಣನ ಮೇಲೆ ಪ್ರಾಣ ಇಟ್ಟುಕೊಂಡವನು. ವಸ್ತುಪ್ರದರ್ಶನದ ಮಳಿಗೆಯೊಂದರಲ್ಲಿ ಅಯಸ್ಕಾಂತದ ತುಂಡುಗಳನ್ನು ಹೊಲಿದ ಟೋಪಿಯನ್ನು ನೋಡಿ ಬಂದಿದ್ದ. ಮಂಡಿನೋವು, ತಲೆನೋವು, ನಿದ್ರೆ, ಕೈನಡುಕ ಎಲ್ಲಕ್ಕೂ ಅದೇ ಮದ್ದಂತೆ. ಬೆಲೆ ಹನ್ನೆರಡು ಸಾವಿರ. “ಒಬ್ಬರು ಹಾಕಿಕೊಂಡು ಒಂದೇ ವಾರಕ್ಕೆ ನಡುಕ ಇಳೀತು ಅಂತ ನನ್ನೆದುರಿಗೇ ಹೇಳಿದರು ಅತ್ತಿಗೆ” ಎಂದ. ಯಜಮಾನರು ನಿಧಾನವಾಗಿ ತಲೆಯೆತ್ತಿ, “ಅಲ್ಲಯ್ಯಾ, ಟೋಪಿ ಹಾಕಿಸಿಕೊಳ್ಳೋದಕ್ಕೆ ದುಡ್ಡು ಬೇರೆ ಕೊಡಬೇಕಾ?” ಎಂದರು. ಎಲ್ಲರೂ ನಕ್ಕೆವು.

ನಗದೇ ಇದ್ದವನು ಮೊಮ್ಮಗ ಒಬ್ಬನೇ. ಅವನು ಎಂಟನೇ ತರಗತಿ. “ಅಜ್ಜಿ, ಡಾಕ್ಟರು ಹೇಳಿದ್ದೂ ಅಯಸ್ಕಾಂತ, ಚಿಕ್ಕತಾತ ಹೇಳಿದ್ದೂ ಅಯಸ್ಕಾಂತ. ಒಂದು ಸರಿ, ಒಂದು ಟೋಪಿ ಹೇಗಾಗುತ್ತೆ?” ಎಂದು ಕೇಳಿದ.

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು. ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿದ ನೆನಪಿಲ್ಲ. ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದೇ ಸರಿ ಎನಿಸಿತು. ಒಂದು ಪ್ಲಾಸ್ಟಿಕ್ ಪೈಪಿನ ತುಂಡಿಗೆ ತೆಳ್ಳನೆಯ ತಾಮ್ರದ ತಂತಿಯನ್ನು ಇನ್ನೂರು ಸುತ್ತು ಸುತ್ತಿದೆವು. ಅವನ ಶಾಲೆಯಿಂದ ಕೇಳಿ ತಂದ ಗ್ಯಾಲ್ವನೋಮೀಟರಿಗೆ ಎರಡು ತುದಿಗಳನ್ನೂ ಜೋಡಿಸಿದೆವು. ದಂಡಕಾಂತವನ್ನು ಪೈಪಿನೊಳಗೆ ಇಟ್ಟು ಸುಮ್ಮನೆ ಬಿಟ್ಟೆವು. ಮುಳ್ಳು ಅಲುಗಲಿಲ್ಲ. ಹತ್ತು ನಿಮಿಷ ಕಾದರೂ ಅಷ್ಟೇ. ಅಯಸ್ಕಾಂತವನ್ನು ಸರಕ್ಕನೆ ಹೊರಗೆಳೆದಾಗ ಮುಳ್ಳು ಟಣ್ಣನೆ ಒಂದು ಕಡೆಗೆ ಹಾರಿತು. ಒಳಗೆ ತಳ್ಳಿದಾಗ ಇನ್ನೊಂದು ಕಡೆಗೆ.

ಇಂಗ್ಲೆಂಡಿನ ಮೈಕಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ಸತ್ಯ ಇದೇ. ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗ ಮುಂದೆ ದೊಡ್ಡ ವಿಜ್ಞಾನಿಯಾದ. ತಂತಿಯಲ್ಲಿ ವಿದ್ಯುತ್ ಹುಟ್ಟಬೇಕಾದರೆ ಅಯಸ್ಕಾಂತ ಹತ್ತಿರ ಇದ್ದರೆ ಸಾಲದು, ಕಾಂತಕ್ಷೇತ್ರ ಬದಲಾಗುತ್ತಿರಬೇಕು. ಟೋಪಿಯಲ್ಲಿ ಹೊಲಿದ ಅಯಸ್ಕಾಂತ ಇದ್ದಲ್ಲೇ ಇರುತ್ತದೆ. ಆಸ್ಪತ್ರೆಯ ಯಂತ್ರದಲ್ಲಿರುವುದು ಅಯಸ್ಕಾಂತದ ತುಂಡಲ್ಲ, ತಂತಿಯ ಸುರುಳಿ. ಅದರಲ್ಲಿ ಭಾರಿ ವಿದ್ಯುತ್ ಒಂದು ಕ್ಷಣ ಹರಿದು ನಿಲ್ಲುತ್ತದೆ. ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ ಬಲವಾದ ಕಾಂತಕ್ಷೇತ್ರ ಎದ್ದು ಬೀಳುತ್ತದೆ. ತಲೆಬುರುಡೆ ಅದನ್ನು ತಡೆಯುವುದಿಲ್ಲ. ಕೆಳಗಿರುವ ಮಿದುಳಿನಲ್ಲಿ ಸಣ್ಣ ವಿದ್ಯುತ್ ಹುಟ್ಟಿ ನರಕೋಶಗಳು ಎಚ್ಚರಗೊಳ್ಳುತ್ತವೆ. ನರಕೋಶಗಳು ತಮ್ಮತಮ್ಮಲ್ಲೇ ಮಾತಾಡುವುದೂ ವಿದ್ಯುತ್ ಮತ್ತು ರಾಸಾಯನಿಕಗಳ ಭಾಷೆಯಲ್ಲೇ ಅಲ್ಲವೇ?

ಹೀಗೆ ತಲೆಯ ಹೊರಗಿನಿಂದಲೇ ಮಿದುಳನ್ನು ಮುಟ್ಟಬಹುದೆಂದು 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಆಂಟನಿ ಬಾರ್ಕರ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ತಲೆಯ ಮೇಲೆ ಸುರುಳಿ ಹಿಡಿದು ಗುಂಡಿ ಒತ್ತಿದರೆ ಕೈಬೆರಳು ತಾನಾಗಿ ಕುಪ್ಪಳಿಸುತ್ತಿತ್ತು. ಇದನ್ನು ಈಗ ಚಿಕ್ಕದಾಗಿ ಟಿಎಂಎಸ್ ಅನ್ನುತ್ತಾರೆ. ಅದಕ್ಕೊಂದು ಮಿತಿ ಇದೆ. ಅದರ ಬಲ ತಲೆಯೊಳಗೆ ಎರಡು ಮೂರು ಸೆಂಟಿಮೀಟರು ಮಾತ್ರ ಹೋಗುತ್ತದೆ. ನಾನು ಹೇಳಿದ ಆ ಕಪ್ಪು ಜಾಗ ಇನ್ನೂ ಆಳದಲ್ಲಿದೆ. ಹಾಗಾಗಿ ವೈದ್ಯರು ಮಿದುಳಿನ ಮೇಲ್ಪದರದಲ್ಲಿ, ಕೈಕಾಲುಗಳಿಗೆ ಆಜ್ಞೆ ಕೊಡುವ ಭಾಗಕ್ಕೆ ಪ್ರೇರಣೆ ಕೊಡುತ್ತಾರೆ. ಅರಳಿಕಟ್ಟೆಯಲ್ಲಿ ಆಡಿದ ಮಾತು ಕೊನೆಯ ಓಣಿಗೂ ತಲುಪುವ ಹಾಗೆ, ಅಲ್ಲಿಂದ ಒಳಗಿನ ಭಾಗಗಳಿಗೂ ಏನಾದರೂ ತಲುಪಲಿ ಎಂಬುದು ಉದ್ದೇಶ.

ಆಳಕ್ಕೇ ಹೋಗುವ ಚಿಕಿತ್ಸೆ ಇನ್ನೊಂದಿದೆ. ಅದರ ಹೆಸರು ಡಿಬಿಎಸ್. ಫ್ರಾನ್ಸಿನ ಗ್ರನೋಬಲ್ ನಗರದ ಶಸ್ತ್ರವೈದ್ಯ ಅಲೀಂ ಲೂಯಿ ಬೆನಬಿದ್ 1987ರಲ್ಲಿ ಇದನ್ನು ಶುರುಮಾಡಿದರು. ಆಗೆಲ್ಲ ವಿಪರೀತ ನಡುಕವಿದ್ದವರ ಮಿದುಳಿನ ಒಂದು ಚುಕ್ಕೆಯಷ್ಟು ಜಾಗವನ್ನು ಸುಟ್ಟುಬಿಡುತ್ತಿದ್ದರು. ಸುಡುವ ಮುಂಚೆ ಜಾಗ ಸರಿಯೇ ಎಂದು ತಿಳಿಯಲು ಸಣ್ಣ ವಿದ್ಯುತ್ ಹರಿಸಿ ನೋಡುವುದು ವಾಡಿಕೆ. ಬೆನಬಿದ್ ಸೆಕೆಂಡಿಗೆ ನೂರರಷ್ಟು ವೇಗದಲ್ಲಿ ಮಿಡಿತ ಕೊಟ್ಟಾಗ ನಡುಕ ನಿಂತಿತು. ನಿಲ್ಲಿಸಿದಾಗ ಮರಳಿ ಬಂತು. ಹಾಗಾದರೆ ಸುಡುವುದೇಕೆ, ತಂತಿಯನ್ನು ಅಲ್ಲೇ ಬಿಟ್ಟರಾಯಿತಲ್ಲ! ಈಗ ತೆಳ್ಳನೆಯ ತಂತಿಗಳನ್ನು ಮಿದುಳಿನೊಳಗೆ ಇಳಿಸಿ, ಕಾಲರ್ ಮೂಳೆಯ ಕೆಳಗೆ ಚರ್ಮದಡಿಯಲ್ಲಿ ಬ್ಯಾಟರಿ ಇಟ್ಟು ಜೋಡಿಸುತ್ತಾರೆ. ಸರಿಯಾದ ರೋಗಿಗೆ ಇದರಿಂದ ಬಹಳ ಅನುಕೂಲವಾಗುತ್ತದೆ.

ನಮಗೆ ಆಸೆ ಇದ್ದದ್ದು ಅದರ ಮೇಲೆಯೇ. ದಸರಾ ರಜೆಯಲ್ಲಿ ಅರಸೀಕೆರೆಯಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಮಗಳ ಮನೆಯಲ್ಲಿ ಇಳಿದುಕೊಂಡೆವು. ಮೊಮ್ಮಗನೂ ಜೊತೆಗಿದ್ದ. ಆಸ್ಪತ್ರೆಯಲ್ಲಿ ಎರಡು ದಿನ ಪರೀಕ್ಷೆಗಳಾದವು. ಮಾತ್ರೆಗೆ ಮುಂಚೆ ನಡೆಸಿದರು, ಮಾತ್ರೆಯ ನಂತರ ನಡೆಸಿದರು. ಕೊನೆಗೆ ನೆನಪಿನ ಪರೀಕ್ಷೆ. ಐದು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದರು. ಯಜಮಾನರಿಗೆ ಒಂದೇ ಪದ ನೆನಪಿತ್ತು. ತುಸು ಹೊತ್ತು ಸುಮ್ಮನಿದ್ದು, “ಬೇಕಾದರೆ ಪಿನ್‌ಕೋಡ್ ಕೇಳಿ ಡಾಕ್ಟ್ರೇ. ಹಾಸನ 573201, ತಿಪಟೂರು 572201” ಎಂದರು. ಆ ಯುವ ವೈದ್ಯೆ ಎರಡನ್ನೂ ಬರೆದುಕೊಂಡರು. ಪರೀಕ್ಷೆಯಲ್ಲಿ ಅದಕ್ಕೆ ಅಂಕವಿರಲಿಲ್ಲ, ಆದರೂ ಬರೆದುಕೊಂಡರು.

ಮರೆವು ಶುರುವಾಗಿರುವವರಿಗೆ ಡಿಬಿಎಸ್ ಮಾಡಿದರೆ ಮರೆವು ಹೆಚ್ಚುವ ಭಯವಿದೆ ಎಂದು ಹಿರಿಯ ವೈದ್ಯರು ಬಿಡಿಸಿ ಹೇಳಿದರು. “ಕೈ ನಡುಕ ನಿಂತು, ಮನೆಯವರ ಹೆಸರು ಮರೆತರೆ ಏನು ಲಾಭ ಯಜಮಾನ್ರೇ?” ಎಂದರು. ವಾಪಸು ಬರುವಾಗ ಆಟೋದಲ್ಲಿ ಯಾರೂ ಮಾತಾಡಲಿಲ್ಲ.

ಉಳಿದದ್ದು ಟಿಎಂಎಸ್. ಅದರ ಬಗ್ಗೆಯೂ ವೈದ್ಯರು ಸಕ್ಕರೆ ಹಚ್ಚಿ ಹೇಳಲಿಲ್ಲ. ಮನಸ್ಸಿನ ಖಿನ್ನತೆಗೆ ಈ ಚಿಕಿತ್ಸೆಯನ್ನು ಅಮೆರಿಕದಲ್ಲಿ 2008ರಲ್ಲೇ ಒಪ್ಪಿದ್ದಾರೆ. ಪಾರ್ಕಿನ್ಸನ್ನಿನ ಚಲನೆಯ ತೊಂದರೆಗೆ ಮಾತ್ರ ಇನ್ನೂ ಪ್ರಯೋಗಗಳು ನಡೆಯುತ್ತಿವೆ. ಕೆಲವು ಅಧ್ಯಯನಗಳಲ್ಲಿ ನಡಿಗೆ, ಮೈಯ ನಿಧಾನ ತಕ್ಕಮಟ್ಟಿಗೆ ಸುಧಾರಿಸಿದೆ. ಇನ್ನು ಕೆಲವುದರಲ್ಲಿ ಹೆಚ್ಚು ವ್ಯತ್ಯಾಸ ಕಂಡಿಲ್ಲ. ಸುಧಾರಿಸಿದರೂ ಅದು ಕೆಲವು ವಾರಗಳಲ್ಲಿ ಕರಗುತ್ತಾ ಹೋಗುತ್ತದೆ. ಮಾತ್ರೆ ಬಿಡುವ ಹಾಗಿಲ್ಲ, ವ್ಯಾಯಾಮ ಬಿಡುವ ಹಾಗಿಲ್ಲ. ಮೂರ್ಛೆರೋಗ ಇದ್ದವರಿಗೆ, ತಲೆಯೊಳಗೆ ಲೋಹದ ತುಂಡು ಇರುವವರಿಗೆ, ಎದೆಯಲ್ಲಿ ಪೇಸ್‌ಮೇಕರ್ ಇದ್ದವರಿಗೆ ಅಪಾಯವಾದೀತೆಂದು ಮೊದಲೇ ವಿಚಾರಿಸುತ್ತಾರೆ. ಎಲ್ಲ ಕೇಳಿ ಯಜಮಾನರು, “ಹತ್ತು ದಿನ ತಾನೆ, ನೋಡೋಣ” ಎಂದರು.

ಮೊದಲ ದಿನ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಕಿವಿಗೆ ಬಿರಡೆ ಹಾಕಿ, ಎಂಟರ ಆಕಾರದ ಸುರುಳಿಯನ್ನು ತಲೆಯ ಎಡಭಾಗಕ್ಕೆ ಹಿಡಿದರು. ಎಷ್ಟು ಬಲ ಬೇಕೆಂದು ಅಳೆಯುವುದು ಹೆಬ್ಬೆರಳಿನಿಂದ. ‘ಟಕ್’ ಎಂದು ಸದ್ದಾಯಿತು, ಬಲಗೈ ಹೆಬ್ಬೆರಳು ಪುಟ್ಟ ಮೀನಿನ ಹಾಗೆ ಜಿಗಿಯಿತು. ಮೊಮ್ಮಗ ಬಾಯಿ ತೆರೆದು ನೋಡುತ್ತಿದ್ದ. ಯಜಮಾನರು, “ನನ್ನ ಮಾತು ಕೇಳದ ಬೆರಳು ಇವರ ಮಾತು ಹೇಗೆ ಕೇಳುತ್ತೆ ನೋಡು” ಎಂದರು. ದಿನಕ್ಕೆ ಅರ್ಧ ಗಂಟೆ. ನೋವಿಲ್ಲ, ಹೊಲಿಗೆಯಿಲ್ಲ. ಮೊದಲೆರಡು ದಿನ ಸ್ವಲ್ಪ ತಲೆನೋವಿತ್ತು, ಅಷ್ಟೇ.

ಗುಣವಾಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಮೊಮ್ಮಗ ಒಂದು ನೋಟ್‌ಬುಕ್ ಮಾಡಿದ. ವೈದ್ಯರು ಮಾಡುವ ಪರೀಕ್ಷೆಯನ್ನೇ ನೋಡಿ ಕಲಿತಿದ್ದ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ಅದಕ್ಕೆ ಎಷ್ಟು ಸೆಕೆಂಡ್? ಜೊತೆಗೆ ಕಾಗದದ ಮೇಲೆ ಶಂಖದಂತೆ ಒಂದು ಸುರುಳಿ ಬರೆಯಬೇಕು. ದಿನವೂ ಒಂದೇ ಸಮಯಕ್ಕೆ, ಮಾತ್ರೆ ನುಂಗಿ ಒಂದು ಗಂಟೆಗೆ. ಚಿಕಿತ್ಸೆಗೆ ಮುಂಚೆ 26 ಸೆಕೆಂಡ್ ಇತ್ತು. ಹತ್ತನೆಯ ದಿನ 20. ತಿಂಗಳಾದ ಮೇಲೆ 21. ಮೂರು ತಿಂಗಳಿಗೆ 25. ಕಾಗದದ ಸುರುಳಿ ಮಾತ್ರ ಮೊದಲ ದಿನ ಹೇಗೆ ಗರಗಸದ ಹಲ್ಲಿನಂತಿತ್ತೋ ಕೊನೆಯ ದಿನವೂ ಹಾಗೇ ಇತ್ತು. ನಡುಕ ಕಡಿಮೆಯಾಗಲಿಲ್ಲ.

ನೋಟ್‌ಬುಕ್ ನೋಡುತ್ತಾ ಅವನು ಇನ್ನೊಂದು ಪ್ರಶ್ನೆ ಕೇಳಿದ. “ಅಜ್ಜಿ, ತಾತ ಖುಷಿಯಾಗಿದ್ದರು ಅಂತ ಬೇಗ ನಡೆದಿರಬಹುದಲ್ವಾ?” ಇರಬಹುದು. ಕೆನಡಾದ ಸಂಶೋಧಕರು 2001ರಲ್ಲಿ ಒಂದು ವಿಚಿತ್ರ ಸಂಗತಿಯನ್ನು ಕಂಡುಕೊಂಡರು. ಪಾರ್ಕಿನ್ಸನ್ ರೋಗಿಗಳಿಗೆ ಔಷಧವೇ ಇಲ್ಲದ ಚುಚ್ಚುಮದ್ದು ಕೊಟ್ಟರೂ, ಗುಣವಾಗುತ್ತದೆ ಎಂಬ ನಿರೀಕ್ಷೆಯಿಂದಲೇ ಅವರ ಮಿದುಳಿನಲ್ಲಿ ಡೋಪಮೈನ್ ಒಸರುತ್ತಿತ್ತು. ಆಸೆ ಎಂಬುದು ಈ ಕಾಯಿಲೆಯಲ್ಲಿ ನಿಜವಾಗಿಯೂ ಕೈಕಾಲು ಆಡಿಸುತ್ತದೆ. ಅದಕ್ಕೇ ಒಳ್ಳೆಯ ಅಧ್ಯಯನಗಳಲ್ಲಿ ಅರ್ಧ ಜನಕ್ಕೆ ನಿಜವಾದ ಸುರುಳಿ, ಉಳಿದರ್ಧಕ್ಕೆ ಬರೀ ‘ಟಕ್ ಟಕ್’ ಸದ್ದು ಮಾಡುವ ನಕಲಿ ಸುರುಳಿ ಹಿಡಿಯುತ್ತಾರೆ. ಯಾರಿಗೆ ಯಾವುದು ಎಂದು ರೋಗಿಗೆ ತಿಳಿಸುವುದಿಲ್ಲ. ಕೊನೆಗೆ ಎರಡು ಗುಂಪನ್ನೂ ಹೋಲಿಸಿದರೆ ಆಸೆಯ ಪಾಲೆಷ್ಟು, ಸುರುಳಿಯ ಪಾಲೆಷ್ಟು ಎಂದು ಗೊತ್ತಾಗುತ್ತದೆ. ಒಬ್ಬ ತಾತನ ನೋಟ್‌ಬುಕ್ಕಿನಿಂದ ಅದು ಗೊತ್ತಾಗುವುದಿಲ್ಲ.

ಟೋಪಿ ಹಾಕಿಕೊಂಡು ಒಂದು ವಾರಕ್ಕೆ ಗುಣವಾಯಿತೆಂದವರು ಸುಳ್ಳು ಹೇಳಿರಲಿಕ್ಕಿಲ್ಲ ಎಂದು ನನಗೆ ಅರ್ಥವಾದದ್ದೂ ಇದರಿಂದಲೇ. ಅವರ ವಾರ ನಿಜ. ಟೋಪಿ ಮಾರುವವನು ಎರಡನೆಯ ತಿಂಗಳ ಲೆಕ್ಕ ಕೇಳುವುದಿಲ್ಲ, ನಕಲಿ ಟೋಪಿ ಮಾಡಿ ಹೋಲಿಸಿ ನೋಡುವುದಿಲ್ಲ. ಮೈದುನನಿಗೆ ಇದನ್ನೆಲ್ಲ ಹೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, ಆ ಹನ್ನೆರಡು ಸಾವಿರದಲ್ಲಿ ಅಣ್ಣನಿಗೆ ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಸ್ಟೀಲಿನ ಕಂಬಿ, ಜಾರದ ಹಾಸು ಹಾಕಿಸಿದ. ಫಿಸಿಯೋಥೆರಪಿಯವರು ಹೇಳಿದಂತೆ ಮೊಮ್ಮಗ ಹೊಸ್ತಿಲಿನ ಮುಂದೆ ಅಡ್ಡಡ್ಡಲಾಗಿ ಹಳದಿ ಟೇಪಿನ ಪಟ್ಟೆಗಳನ್ನು ಅಂಟಿಸಿದ. ಕಣ್ಣಿಗೆ ಗೆರೆ ಕಂಡರೆ ಅಂಟಿಕೊಂಡ ಕಾಲು ಅದನ್ನು ದಾಟಲು ಎದ್ದುಬಿಡುತ್ತದೆ. ನಾಲ್ಕು ಗೆರೆಗೆ ಖರ್ಚು ನಲವತ್ತು ರೂಪಾಯಿ.

ಹಾಗೆಂದು ನಾನು ಯಂತ್ರವನ್ನು ಹಗುರ ಮಾಡುತ್ತಿಲ್ಲ. ಹಿರಿಯರೇ, ಇಂಥ ಚಿಕಿತ್ಸೆಯ ಮಾತು ನಿಮ್ಮ ಮನೆಗೂ ಬಂದರೆ ಮೂರು ಪ್ರಶ್ನೆ ಕೇಳಿ. ನನ್ನ ಯಾವ ತೊಂದರೆಗೆ ಇದು, ನಡುಕಕ್ಕೋ ನಡಿಗೆಗೋ? ಎಷ್ಟು ದಿನ ಉಳಿಯುತ್ತದೆ? ನಕಲಿ ಚಿಕಿತ್ಸೆಯ ಜೊತೆ ಹೋಲಿಸಿ ನೋಡಿದ್ದಾರೆಯೇ? ಬೇಸರವಿಲ್ಲದೆ ಉತ್ತರ ಕೊಡುವ ವೈದ್ಯರನ್ನು ನಂಬಿ. ಮಕ್ಕಳೇ, ನೀವು ಸುರುಳಿ, ಅಯಸ್ಕಾಂತದ ಪ್ರಯೋಗವನ್ನು ಧಾರಾಳವಾಗಿ ಮಾಡಿ. ಯಾರ ತಲೆಯ ಹತ್ತಿರವೂ ವಿದ್ಯುತ್ತಿನ ತಂತಿ ಒಯ್ಯಬೇಡಿ.

ಮೂರು ತಿಂಗಳಾದ ಮೇಲೆ, ಇನ್ನೊಂದು ಸಲ ಹತ್ತು ದಿನ ಹೋಗುವುದೇ ಬೇಡವೇ ಎಂಬ ಮಾತು ಬಂತು. ರೈಲು, ಮಗಳ ರಜೆ, ಖರ್ಚು ಎಲ್ಲ ಲೆಕ್ಕ ಹಾಕಿ ನಾನು, “ಆರು ಸೆಕೆಂಡಿಗಾಗಿ ಇಷ್ಟೆಲ್ಲ ಬೇಕೇನೂಂದ್ರೆ?” ಎಂದೆ. ಯಜಮಾನರು ಬಹಳ ಹೊತ್ತು ಸುಮ್ಮನಿದ್ದರು. ಉತ್ತರ ಬರುವುದು ತಡವಾಗುತ್ತದೆಂದು ಗೊತ್ತಿದ್ದರಿಂದ ಕಾದೆ.

“ರಾತ್ರಿ ಬಚ್ಚಲಿಗೆ ಏಳ್ತೀನಲ್ಲ, ಆ ಆರು ಸೆಕೆಂಡ್ ಇದ್ದರೆ ನಿನ್ನನ್ನು ಎಬ್ಬಿಸೋದು ಬೇಡ” ಎಂದರು.

ಮಾರ್ಚಿಯಲ್ಲಿ ಹೋಗುವುದೆಂದು ತೀರ್ಮಾನವಾಗಿದೆ. ಮೊಮ್ಮಗ ನೋಟ್‌ಬುಕ್ಕಿನ ಹೊಸ ಪುಟಕ್ಕೆ ಈಗಲೇ ಗೆರೆ ಹಾಕಿಟ್ಟಿದ್ದಾನೆ. ಈ ಸಲ ರಾತ್ರಿ ಎಷ್ಟು ಬಾರಿ ಅಜ್ಜಿಯನ್ನು ಎಬ್ಬಿಸಿದರು ಎಂಬುದಕ್ಕೂ ಒಂದು ಕಾಲಂ ಇದೆ.